ಹನ್ನೊಂದು ಮಂದಿ, ಎರಡು ನಾಯಿ

ಅಲಖನೂರ, 2 ಜನವರಿ 1988, ಶನಿವಾರ

ಗೊಬ್ಬರದ ಕಂಪನಿಯವರು ನಮ್ಮ ಯಜಮಾನರಿಗೆ ಕೊಟ್ಟ ಡೈರಿ ಇದು. ಪ್ರತಿ ಪುಟದ ಕೆಳಗೂ ಕಬ್ಬಿಗೆ ಯೂರಿಯಾ ಯಾವಾಗ ಹಾಕಬೇಕೆಂದು ಅಚ್ಚು ಹಾಕಿದ್ದಾರೆ. ಇವರಿಗೆ ಸಹಿ ಮಾಡುವುದೇ ಬೇಸರದ ಕೆಲಸ, ಬರೆಯುವ ಮಾತು ದೂರ. ನಾನಾದರೋ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು, ಅಲ್ಲದೆ ಯಾರ ಹತ್ತಿರವೂ ಹೇಳಿಕೊಳ್ಳಲಾಗದ ಸಿಟ್ಟು ನನ್ನ ಹತ್ತಿರ ಬೇಕಾದಷ್ಟಿದೆ. ಹೀಗಾಗಿ ಡೈರಿ ನನ್ನದಾಯಿತು.

ಇವರ ಕಾಲು ಮುರಿದು ಎರಡು ವಾರ ದಾಟಿತು. ಐವತ್ತು ದಾಟಿದ ಮನುಷ್ಯ, ಊರಲ್ಲಿ ರಾವಸಾಹೇಬರು ಎಂದರೆ ನಾಲ್ಕು ಜನ ಎದ್ದು ನಿಲ್ಲುತ್ತಾರೆ. ಅಂಥವರು ಹುಡುಗರಿಗೆ ಕಬಡ್ಡಿಯಲ್ಲಿ ಹಿಂದಕ್ಕೆ ಒದೆಯುವುದು ಹೇಗೆಂದು ತೋರಿಸಲು ಹೋಗಿ ತಾವೇ ನೆಲ ಕಂಡರು. ಎದುರಿಗೆ ಯಾರೂ ಇರಲಿಲ್ಲ. ಬರೀ ಗಾಳಿಗೆ ಒದ್ದು ಕಾಲು ಮುರಿದುಕೊಂಡವರು ರಾಯಬಾಗ ತಾಲೂಕಿನಲ್ಲಿ ಇವರೊಬ್ಬರೇ ಇರಬೇಕು. ಡಾಕ್ಟರು ತೊಡೆಯವರೆಗೆ ಪ್ಲಾಸ್ಟರ್ ಹಾಕಿ, ಎರಡು ತಿಂಗಳು ಹೊರಸಿನಿಂದ ಕಾಲು ಕೆಳಗಿಡಕೂಡದು ಎಂದಿದ್ದಾರೆ. ಹೊರಸನ್ನು ಕಟ್ಟೆಯ ಮೇಲೆ ಹಾಕಿಕೊಟ್ಟಿದ್ದೇನೆ.

ಜೈ ಹನುಮಾನ ಕಬಡ್ಡಿ ಮಂಡಳವನ್ನು ಇವರು ಕಟ್ಟಿದ್ದು ನಾನು ಈ ಮನೆಗೆ ಸೊಸೆಯಾಗಿ ಬಂದ ವರ್ಷ. ಅಂದಿನಿಂದ ರವಿವಾರಗಳೆಲ್ಲ ಮಂಡಳದ ಪಾಲು, ಉಳಿದ ವಾರ ನನ್ನ ಪಾಲು. ಈಗ ಗಡಿಭಾಗದ ಕಬಡ್ಡಿ ಸಂಘದವರು ಒಂದು ನಿಯಮ ಮಾಡಿದ್ದಾರೆ. ಆಟಗಾರರಿಗೆ ಭತ್ಯೆ ಕೊಟ್ಟು ಆಡಿಸುವ ಲೀಗು ಇದು, ನೋಡುವವರೇ ಇಲ್ಲದ ಊರಿನಲ್ಲಿ ಆಡಿಸಿ ಏನು ಫಲ, ಈ ಸೀಜನ್ನಿನಲ್ಲಿ ಮಂದಿ ಸೇರದ ಮಂಡಳವನ್ನು ಐಗಳಿಯ ಮಂಡಳದಲ್ಲಿ ಕೂಡಿಸಿಬಿಡುತ್ತೇವೆ ಎಂದು. ಐಗಳಿಯಲ್ಲಿ ಪಂದ್ಯವಿದ್ದರೆ ಮರದ ಮೇಲೂ ಜಾಗ ಸಿಗುವುದಿಲ್ಲವಂತೆ. ನಮ್ಮಲ್ಲಿ ನೆಲದ ಮೇಲೇ ಬೇಕಾದಷ್ಟು ಜಾಗವಿದೆ.

ನನ್ನ ಮನಸ್ಸಿನ ಮಾತು ಇಲ್ಲಿ ಬರೆಯಬಹುದು. ಮಂಡಳ ಮುಚ್ಚಿದರೆ ಒಳ್ಳೆಯದೇ ಆಯಿತು. ಆದರೆ ಇವತ್ತು ಇವರು ನನ್ನ ಕೈ ಹಿಡಿದು, ನಾಳೆ ನೀನಾದರೂ ಹೋಗಿ ಎಷ್ಟು ಮಂದಿ ಬಂದಿದ್ದಾರೆ ನೋಡಿ ಬಂದು ಹೇಳು ಎಂದು ಕೇಳಿದರು. ಮದುವೆಯಲ್ಲಿ ಬಿಟ್ಟರೆ ಇವರು ಕೈ ಹಿಡಿದು ಕೇಳಿದ್ದು ನೆನಪಿಲ್ಲ. ಆಗಲಿ ಎಂದೆ.

3 ಜನವರಿ, ರವಿವಾರ

ಕನ್ನಡ ಶಾಲೆಯ ಹಿಂದಿನ ಅಂಗಳ, ನಮ್ಮ ಕಟ್ಟೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಆದರೂ ನಾನು ಇಷ್ಟು ವರ್ಷದಲ್ಲಿ ಒಮ್ಮೆಯೂ ಕಾಲಿಟ್ಟಿರಲಿಲ್ಲ. ಒಬ್ಬಳೇ ಹೋಗುವುದು ಸರಿಯಲ್ಲವೆಂದು ಪಕ್ಕದ ಮನೆಯ ಕೆಂಚವ್ವನನ್ನು ಕರೆದುಕೊಂಡೆ. ಹೊತ್ತು ಹಾಳಾಗಬಾರದೆಂದು ಬೀಜದ ಶೇಂಗಾ ಸುಲಿಯಲು ಬುಟ್ಟಿಯನ್ನೂ ಒಯ್ದೆ.

ಬಂದವರು ಇಷ್ಟು. ಶಾಲೆಯ ಕುರ್ಚಿ ಯಾರಾದರೂ ಹೊತ್ತೊಯ್ದಾರು ಎಂದು ಕಾಯುತ್ತ ಅದರ ಮೇಲೇ ಕುಳಿತ ಹೆಡ್‌ಮಾಸ್ತರರು. ಪಂದ್ಯವಿರಲಿ ಬಿಡಲಿ ಬೇವಿನ ಬುಡದಲ್ಲಿ ದಿನವೂ ಕೂರುವ ಮುದುಕರು ನಾಲ್ವರು. ಕಳೆದ ಕರು ಹುಡುಕುತ್ತ ಬಂದವನೊಬ್ಬ. ಮಗ ಪಾರಿಸನನ್ನು ಊಟಕ್ಕೆ ಕರೆಯಲು ಬಂದ ಅಕ್ಕವ್ವ. ಎದುರಾಳಿಗಳನ್ನು ಕರೆತಂದ ಟೆಂಪೋದ ಡ್ರೈವರು, ಅವನು ನಿದ್ದೆ ಮಾಡುತ್ತಿದ್ದ. ಮಂಡಳದ ಖಜಾಂಚಿ. ಕೆಂಚವ್ವ, ನಾನು. ಹನ್ನೊಂದು ಮಂದಿ, ಎರಡು ನಾಯಿ.

ಆಟದಲ್ಲಿ ಏನಿದೆಯೋ ನನಗಂತೂ ತಿಳಿಯಲಿಲ್ಲ. ಒಬ್ಬ ಉಸಿರು ಬಿಗಿಹಿಡಿದು ಕಬಡ್ಡಿ ಕಬಡ್ಡಿ ಎನ್ನುತ್ತ ಗೆರೆ ದಾಟಿ ಹೋಗುತ್ತಾನೆ, ಅಲ್ಲಿದ್ದವರು ಅವನ ಮೇಲೆ ಬೀಳುತ್ತಾರೆ. ಇದಕ್ಕೊಂದು ಸಂಘ, ಒಂದು ಸೀಟಿ. ಶೇಂಗಾ ಮಾತ್ರ ಬುಟ್ಟಿ ತುಂಬ ಸುಲಿದಾಯಿತು.

ಮನೆಗೆ ಬಂದು ಇದ್ದದ್ದು ಇದ್ದಂತೆ ಹೇಳಿದೆ. ನಾಯಿಗಳ ಮಾತು ಬಿಡಬಹುದಿತ್ತು, ಬಿಡಲಿಲ್ಲ. ಇವರು ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದರು. ಊಟಕ್ಕೆ ಅರ್ಧ ರೊಟ್ಟಿ ಮುರಿದು ಹಾಗೇ ಇಟ್ಟರು.

6 ಜನವರಿ, ಬುಧವಾರ

ಇವತ್ತೂ ಅರ್ಧ ರೊಟ್ಟಿ. ಎಣ್ಣೆಗಾಯಿ ಮಾಡಿದ್ದೆ, ಮುಟ್ಟಲಿಲ್ಲ. ಸಿಟ್ಟಿಗೆದ್ದು ಒದರಾಡಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಸುಮ್ಮನೆ ಮಲಗಿದ ಮನುಷ್ಯನ ಜೊತೆ ಜಗಳ ಮಾಡುವುದು ಹೇಗೆ?

10 ಜನವರಿ, ರವಿವಾರ

ಇವತ್ತು ಒಂಬತ್ತು ಮಂದಿ. ಕರು ಸಿಕ್ಕಿತಂತೆ, ಅವನು ಬರಲಿಲ್ಲ. ಟೆಂಪೋದವನ ಬದಲು ಎದುರಾಳಿಗಳು ಬಸ್ಸಿಗೆ ಬಂದರು.

ಒಂದು ಅನ್ಯಾಯ ನಡೆಯಿತು. ನಮ್ಮ ಯಾಕೂಬ, ಸೈಕಲ್ ಅಂಗಡಿಯ ಹುಡುಗ, ಇಬ್ಬರನ್ನು ಮುಟ್ಟಿ ತಿರುಗಿದ. ಅವರು ಅವನ ಕಾಲು ಹಿಡಿದು ಎಳೆಯುತ್ತಿದ್ದಾಗಲೇ ಅವನ ಕೈ ನಡುಗೆರೆಯನ್ನು ಮುಟ್ಟಿತು. ನಾನು ಕಣ್ಣಾರೆ ಕಂಡೆ. ರೆಫರಿ ಔಟ್ ಕೊಟ್ಟ. ಆ ಮನುಷ್ಯ ಮುಂಜಾನೆ ಕಣ್ಣು ತೊಳೆದಿದ್ದನೋ ಇಲ್ಲವೋ. ನನಗೇನು, ನಾನು ಶೇಂಗಾ ಸುಲಿಯಲು ಹೋದವಳು. ಅರ್ಧ ಬುಟ್ಟಿ ಆಯಿತು.

ಇವರು ಎಷ್ಟು ಮಂದಿ ಎಂದು ಕೇಳಿದರು. ಕೇಳಿದ ರೀತಿ ಹೇಗಿತ್ತೆಂದರೆ, ನನ್ನ ಬಾಯಿಂದ ನೂರು ಎಂದು ಬಂದುಬಿಟ್ಟಿತು. ನೂರಕ್ಕೆ ಒಂದೆರಡು ಹೆಚ್ಚೇ ಇರಬಹುದು ಎಂದೂ ಸೇರಿಸಿದೆ. ಇವರು ಎದ್ದು ಕುಳಿತು ಮೂರು ರೊಟ್ಟಿ ತಿಂದರು. ದೇವರು ನನ್ನನ್ನು ಕ್ಷಮಿಸಲಿ, ನೋಡಿ ಹೊಟ್ಟೆ ತಣ್ಣಗಾಯಿತು.

ಗಂಟಲು ಕಟ್ಟಿದೆ. ಶಾಲೆಯ ಹಿಂದೆ ಬಹಳ ಧೂಳು.

17 ಜನವರಿ, ರವಿವಾರ

ಸಂಕ್ರಾಂತಿಯ ಎಳ್ಳುಹೋಳಿಗೆಯ ಜಡ ಇನ್ನೂ ಊರನ್ನು ಬಿಟ್ಟಿಲ್ಲ. ಎಂಟು ಮಂದಿ. ಇವರಿಗೆ ಇನ್ನೂರು ಎಂದೆ. ಹೇಳಿದ ಮೇಲೆ ಅದಕ್ಕೆ ಕೈಕಾಲು ಜೋಡಿಸಬೇಕಾಯಿತು. ಬೇವಿನ ಮರ ಹತ್ತಿದ್ದರು, ಹೆಂಗಸರೂ ಬಂದಿದ್ದರು, ಒಂದು ಕೂಸು ಕಳೆದು ಸಿಕ್ಕಿತು. ಕೂಸು ಯಾರದು ಎಂದು ಕೇಳಿದರು. ಆಚೆ ಓಣಿಯದು ಎಂದೆ.

ನಿಜ ಹೇಳಬೇಕೆಂದರೆ ಮಂದಿ ಬರದಿದ್ದದ್ದು ಮಂದಿಗೇ ನಷ್ಟ. ಭೀಮಗೊಂಡ ಇವತ್ತು ಹಿಡಿದ ಹಿಡಿತ ನೋಡಬೇಕಿತ್ತು. ಒಕ್ಕಲಿಗರ ಹುಡುಗ, ಎತ್ತಿನಂಥ ಭುಜ. ಎದುರಾಳಿ ಒಳಗೆ ಬಂದರೆ ನೇರ ಹೋಗಿ ಕಣಕಾಲಿಗೆ ಬೀಳುತ್ತಾನೆ, ಬಿದ್ದ ಮೇಲೆ ಬಿಡುವ ಮಾತಿಲ್ಲ. ಆದರೆ ಎಡಮೂಲೆಯಲ್ಲಿ ನಿಲ್ಲಿಸಿದರೆ ಅವನಿಗೆ ತಿರುಗಲು ಆಗುವುದಿಲ್ಲ. ಬಲಮೂಲೆಗೆ ಹಾಕಬೇಕು. ಇಷ್ಟೂ ತಿಳಿಯದೆ ಆಡಿಸುತ್ತಾರೆ. ಯಾರೋ ಕೂಗಿ ಹೇಳಿದ ಮೇಲೆ ಬದಲಾಯಿಸಿದರು, ಪಂದ್ಯ ಗೆದ್ದೆವು.

ಬುಟ್ಟಿಯಲ್ಲಿ ಕಾಳಿನ ಕಡೆ ಸಿಪ್ಪೆ, ಸಿಪ್ಪೆಯ ಕಡೆ ಕಾಳು ಬಿದ್ದಿದೆ. ಕೆಂಚವ್ವ ಮಾತಾಡಿಸಿ ಲಕ್ಷ್ಯ ತಪ್ಪಿಸುತ್ತಾಳೆ.

ಗಂಟಲು ಪೂರ್ತಿ ಕೂತಿದೆ. ಮನೆಗೆ ಬರುವಷ್ಟರಲ್ಲಿ ಇವರು ಅಂಗಡಿಯಿಂದ ಜೇಷ್ಠಮಧು ತರಿಸಿ ಇಟ್ಟಿದ್ದರು. ಧೂಳಿನ ವಿಷಯ ನಾನಿನ್ನೂ ಹೇಳಿರಲೇ ಇಲ್ಲ. ಮಲಗಿದವರಿಗೆ ಹೊತ್ತು ಬಹಳ, ಎಲ್ಲ ಯೋಚಿಸುತ್ತಾರೆ.

20 ಜನವರಿ, ಬುಧವಾರ

ಕೆಟ್ಟೆ.

ಇವರು ಹೆಡ್‌ಮಾಸ್ತರರನ್ನು ಕರೆಸಿ ಸಂಘದ ಸೆಕ್ರೆಟರಿ ಬಾಬಾಸಾಹೇಬರಿಗೆ ಒಂದು ಕಾಗದ ಬರೆಸಿದ್ದಾರೆ. ನಮ್ಮ ಅಂಗಳದಲ್ಲಿ ಇನ್ನೂರು ಮಂದಿ ಸೇರುತ್ತಿದ್ದಾರೆ, ಫೆಬ್ರುವರಿ ಹದಿನಾಲ್ಕಕ್ಕೆ ಐಗಳಿಯವರೊಂದಿಗೆ ಪಂದ್ಯವಿದೆ, ಖುದ್ದಾಗಿ ಬಂದು ನೋಡಿ ಆಮೇಲೆ ಮಂಡಳದ ವಿಷಯ ತೀರ್ಮಾನಿಸಿರಿ ಎಂದು. ಹೆಡ್‌ಮಾಸ್ತರರು ಬರೆಯುತ್ತ ಬರೆಯುತ್ತ ನನ್ನ ಮುಖ ನೋಡಿದರು. ಪ್ರತಿ ವಾರ ಆ ಎಂಟು ಹತ್ತು ಮಂದಿಯಲ್ಲಿ ಒಬ್ಬರಾಗಿ ಕೂತವರು ಅವರು. ನಾನು ಅವರ ಚಹಾಕ್ಕೆ ಎರಡು ಚಮಚ ಸಕ್ಕರೆ ಹೆಚ್ಚು ಹಾಕಿದೆ. ಸುಮ್ಮನೆ ಕುಡಿದು ಹೋದರು.

ಬಾಬಾಸಾಹೇಬರು ಬಂದು ಎಂಟು ಮಂದಿಯನ್ನು ಕಂಡರೆ ಮಂಡಳ ಹೋಯಿತು. ಅದರ ಹಿಂದೆಯೇ ನನ್ನ ಮಾತಿನ ಬೆಲೆಯೂ ಹೋಯಿತು. ಮಂಡಳ ಹೋದರೆ ಒಳ್ಳೆಯದೆಂದು ಬರೆದವಳು ನಾನೇ. ಆದರೆ ಹೀಗಲ್ಲ. ಅಲ್ಲದೆ ಐಗಳಿಯವರು ಭೀಮಗೊಂಡನನ್ನು ಖಂಡಿತ ಎಡಮೂಲೆಗೆ ಹಾಕುತ್ತಾರೆ.

24 ಜನವರಿ, ರವಿವಾರ

ಮಂದಿ ರವಿವಾರ ಸಂಜೆ ಎಲ್ಲಿರುತ್ತಾರೆ ಎಂದು ಯೋಚಿಸಿದೆ. ಪಂಚಾಯಿತಿಯ ಟೀವಿಯ ಮುಂದೆ ಇರುತ್ತಾರೆ, ಆ ಹೊತ್ತಿಗೆ ಸಿನಿಮಾ. ಹಾಗಾದರೆ ಟೀವಿಯನ್ನೇ ಅಂಗಳಕ್ಕೆ ತಂದರೆ? ಪಂಚಾಯಿತಿಯವರಿಗೆ ಶೇಂಗಾ ಹೋಳಿಗೆ ಕಳಿಸಿದೆ, ಒಪ್ಪಿದರು. ಶಾಲೆಯ ಕಿಟಕಿಯಿಂದ ವಾಯರು ಎಳೆದು, ಆ್ಯಂಟೆನಾವನ್ನು ಅಂಗಳದ ಮೂಲೆಯ ಬಿದಿರಿಗೆ ಕಟ್ಟಿದೆವು.

ಊರೇ ಬಂತು. ನನ್ನ ಕಣ್ಣಲ್ಲಿ ನೀರು ಬಂತು. ಆಮೇಲೆ ನೋಡಿದರೆ ಎಲ್ಲರ ಬೆನ್ನೂ ಆಟದ ಕಡೆಗಿತ್ತು. ಹುಡುಗರು ಎಷ್ಟು ಚೆನ್ನಾಗಿ ಆಡಿದರೂ ಒಂದು ತಲೆ ತಿರುಗಲಿಲ್ಲ. ನಾಯಕಿಗೆ ಕಷ್ಟ ಬಂದಾಗ ಹೆಂಗಸರು ಅತ್ತರು, ಅದೇ ಹೊತ್ತಿಗೆ ಯಾಕೂಬನ ಮೊಣಕಾಲು ತರಚಿಹೋಯಿತು, ಯಾರೂ ಅಳಲಿಲ್ಲ. ಕೊನೆಗೆ ಭೀಮಗೊಂಡ ಒಬ್ಬನನ್ನು ಹಿಡಿದುಕೊಂಡು ಉರುಳುತ್ತ ಹೋಗಿ ಬಿದಿರಿಗೆ ಬಡಿದ. ಟೀವಿಯ ತುಂಬ ಬಿಳಿ ಚುಕ್ಕೆ. ಆಗ ಇಡೀ ಊರು ಒಮ್ಮೆಗೇ ಹಿಂದೆ ತಿರುಗಿತು, ಅದೂ ಬೈಯುವುದಕ್ಕೆ. ಜೈ ಹನುಮಾನ ಮಂಡಳಕ್ಕೆ ಇಷ್ಟು ಜನರ ಲಕ್ಷ್ಯ ಸಿಕ್ಕಿದ್ದು ಇದೇ ಮೊದಲು.

ಇವರಿಗೆ ಮುನ್ನೂರು ಎಂದೆ. ಇವತ್ತು ಮಾತ್ರ ಸುಳ್ಳಲ್ಲ. ಇವರು, ಮುನ್ನೂರು ಮಂದಿ ಇದ್ದೂ ಕೊನೆಯ ಗದ್ದಲ ಬಿಟ್ಟರೆ ಬಹಳ ಶಾಂತವಾಗಿತ್ತಲ್ಲ ಎಂದರು. ಶಿಸ್ತಿನ ಮಂದಿ ಎಂದೆ.

31 ಜನವರಿ, ರವಿವಾರ

ಏಳು ಮಂದಿ, ಒಂದು ನಾಯಿ. ಇನ್ನೊಂದು ನಾಯಿ ಐಗಳಿಗೆ ಹೋಗಿರಬೇಕು ಎಂದು ಕೆಂಚವ್ವ ಅಂದಳು. ನಗು ಬರಲಿಲ್ಲ.

3 ಫೆಬ್ರುವರಿ, ಬುಧವಾರ

ಇವರು ಮಲಗಿರುವುದರಿಂದ ನಮ್ಮ ಕಬ್ಬಿನ ಗಾಡಿಯ ನಂಬರು ವಿಚಾರಿಸಲು ಸಕ್ಕರೆ ಕಾರ್ಖಾನೆಗೆ ನಾನೇ ಹೋಗಬೇಕಾಯಿತು. ಗೇಟಿನಿಂದ ಹಳ್ಳದವರೆಗೆ ಗಾಡಿಗಳ ಸಾಲು. ಮುಂಜಾನೆ ಬಂದವನ ಸರದಿ ಸಂಜೆಗೆ ಬಂದರೆ ಅವನ ಪುಣ್ಯ. ಅಲ್ಲಿಯತನಕ ಗಾಡಿಯವರಿಗೆ ಕೆಲಸವೆಂಬುದಿಲ್ಲ. ಎತ್ತಿಗೆ ಕಬ್ಬಿನ ಸೋಗೆ ಹಾಕಿ, ಗಾಡಿಯ ಕೆಳಗೆ ಮಲಗಿ, ಎದ್ದು, ತಂಬಾಕು ತಿಕ್ಕಿ, ಮತ್ತೆ ಮಲಗುತ್ತಾರೆ. ಇದ್ದ ಮಾತೆಲ್ಲ ಆಡಿ ಮುಗಿದು ಒಬ್ಬರ ಮುಖ ಒಬ್ಬರು ನೋಡುತ್ತ ಕೂತ ನೂರಾರು ಗಂಡಸರು.

ನಾನು ಅಲ್ಲೇ ನಿಂತುಬಿಟ್ಟೆ. ಮಂದಿ ಅಂಗಳಕ್ಕೆ ಬರದಿದ್ದರೆ ಅಂಗಳವೇ ಮಂದಿಯ ಹತ್ತಿರ ಬರಬೇಕು.

ಸಾಲಿನ ಪಕ್ಕ ಕಾರ್ಖಾನೆಯ ಖುಲ್ಲಾ ಜಾಗವಿದೆ. ಅಲ್ಲಿಯ ಗೂಡಂಗಡಿಯಂಥ ಕ್ಯಾಬಿನ್ನಿನಲ್ಲಿ ಹಸನಸಾಬ ಕೂತು ಮೈಕಿನಲ್ಲಿ ಗಾಡಿಗಳ ನಂಬರು ಕೂಗುತ್ತಾನೆ. ಕೂಗಿದಾಗ ಮುಂದಿನ ಗಾಡಿಗಳು ತೂಕದ ಕಾಟಾಕ್ಕೆ ಹೋಗುತ್ತವೆ, ಹಿಂದಿನ ಸಾಲು ಸರಿಯುತ್ತದೆ. ಅವನ ಮಾತಿಲ್ಲದೆ ಅಲ್ಲಿ ಎತ್ತೂ ಬಾಲ ಆಡಿಸುವುದಿಲ್ಲ. ವಿಷಯ ಹೇಳಿದೆ. ಆಡಿಕೊಳ್ಳಿ, ಆದರೆ ತನಗೆ ಇಂಥ ಆಟದಲ್ಲಿ ಆಸಕ್ತಿಯಿಲ್ಲ, ತನ್ನ ಕೆಲಸಕ್ಕೆ ಅಡ್ಡ ಬರಬಾರದು ಎಂದ. ಒಂದು ತಿಂಗಳ ಹಿಂದೆ ನಾನೂ ಹೀಗೇ ಮಾತಾಡುತ್ತಿದ್ದೆ. ಈಗಲೂ ಅಷ್ಟೇ, ಆಸಕ್ತಿಯ ಪ್ರಶ್ನೆಯಲ್ಲ ಇದು.

7 ಫೆಬ್ರುವರಿ, ರವಿವಾರ

ಕಾರ್ಖಾನೆಯ ಅಂಗಳದಲ್ಲಿ ಮೊದಲ ಪಂದ್ಯ. ಸುಣ್ಣದ ಗೆರೆ ಎಳೆಯುವಷ್ಟರಲ್ಲೇ ಗಾಡಿಯವರು ಎದ್ದು ಬಂದರು. ಸೀಟಿ ಊದಿದಾಗ ನಾಲ್ಕೂ ಕಡೆ ಗೋಡೆ ಕಟ್ಟಿದ ಹಾಗೆ ಮಂದಿ. ಅಕ್ಕವ್ವನ ಮಗ ಪಾರಿಸ ದಾಳಿಗೆ ಹೊರಟ. ಇವನಿಗೆ ಒಂದು ಚಟ, ಹೆದರಿಕೆಯಾದರೆ ನಗು ಬರುತ್ತದೆ, ನಕ್ಕರೆ ಉಸಿರು ಒಡೆಯುತ್ತದೆ. ಇವತ್ತು ನಗಲಿಲ್ಲ. ಒಬ್ಬನನ್ನು ಮುಟ್ಟಿದ, ಇನ್ನೊಬ್ಬನ ಹತ್ತಿರ ಹೋದ.

ಆಗ ಮೈಕಿನಲ್ಲಿ ಹಸನಸಾಬ ನಂಬರು ಕೂಗಿದ. ಗೋಡೆ ಮಾಯ. ಎಲ್ಲರೂ ಬಿದ್ದೆದ್ದು ಓಡಿದರು, ಸಾಲಿನಲ್ಲಿ ಜಾಗ ತಪ್ಪಿದರೆ ಇಡೀ ದಿನ ಹೋಯಿತು. ಪಾರಿಸ ಗಾಬರಿಯಾಗಿ ನಿಂತು, ನಕ್ಕು, ಔಟಾದ. ಗಾಡಿ ಮುಂದೆ ಸರಿಸಿ ಎಲ್ಲರೂ ಮರಳಿ ಬಂದರು. ಮತ್ತೆ ನಂಬರು, ಮತ್ತೆ ಓಟ. ಒಮ್ಮೆ ಐನೂರು ಮಂದಿ, ಒಮ್ಮೆ ಕೆಂಚವ್ವ ಮತ್ತು ನಾನು. ಬಾಬಾಸಾಹೇಬರು ಯಾವ ಗಳಿಗೆಯಲ್ಲಿ ಕಣ್ಣು ತೆರೆದು ನೋಡುತ್ತಾರೋ ಯಾರಿಗೆ ಗೊತ್ತು?

ಪಂದ್ಯ ಮುಗಿದ ಮೇಲೆ ಹಸನಸಾಬನ ಹತ್ತಿರ ಹೋಗಿ, ಬರುವ ವಾರ ಸ್ವಲ್ಪ ನಿಧಾನವಾಗಿ ಕೂಗು ಎಂದು ಬೇಡಿಕೊಂಡೆ.

“ಅಕ್ಕಾರ, ಕಾರ್ಖಾನಿ ಹೊಟ್ಟಿಗೆ ತಡಾ ಅನ್ನೂದು ಗೊತ್ತಿಲ್ಲರಿ. ಕಬ್ಬು ಹೋಗೂದು ನಿಂತ್ರ ಭೋಂಗಾ ಊದತಾರ. ಭೋಂಗಾ ಊದಿದ್ರ ನನ್ನ ನೌಕರಿ ಹೋತ” ಎಂದ, ಕಾರ್ಖಾನೆಯ ಸೈರನ್ನಿನ ಕಡೆ ಕೈ ತೋರಿಸುತ್ತ. ಆಮೇಲೆ ತಲೆ ಕೆರೆದುಕೊಂಡು, ಆ ನಗುವ ಹುಡುಗನಿಗೆ ಕೆಳಗೆ ನೋಡಿ ಆಡಲು ಹೇಳಿ, ಎದುರಿನವರ ಮುಖ ನೋಡಿದರೆ ನಗು ಬರುತ್ತದೆ ಎಂದೂ ಹೇಳಿದ. ಆಸಕ್ತಿಯಿಲ್ಲದವನು.

15 ಫೆಬ್ರುವರಿ, ಸೋಮವಾರ

ನನಗೆ ಇವತ್ತು ಮಾತೇ ಬರುತ್ತಿಲ್ಲ. ಬಾಯಿ ತೆರೆದರೆ ಬರೀ ಗಾಳಿ. ಹೀಗಾಗಿ ನಿನ್ನೆಯ ಕಥೆಯನ್ನೆಲ್ಲ ಇಲ್ಲೇ ಬರೆಯುತ್ತೇನೆ.

ಬಾಬಾಸಾಹೇಬರು ಬಂದರು. ಬಿಳಿ ಟೊಪ್ಪಿಗೆ, ಕರೀ ಕೋಟು, ಕಂಕುಳಲ್ಲಿ ಛತ್ರಿ. ಅವರಿಗೆ ಶಾಲೆಯ ಕುರ್ಚಿ ತರಿಸಿದ್ದೆ, ಕುರ್ಚಿಯ ಹಿಂದೆ ಹೆಡ್‌ಮಾಸ್ತರರೂ ಬಂದರು. ಐಗಳಿಯವರು ತಮ್ಮ ಊರ ಮಂದಿಯನ್ನು ಒಂದು ಟ್ರ್ಯಾಕ್ಟರು ತುಂಬಿಕೊಂಡು ಬಂದಿದ್ದರು. ನಾನು ಬುಟ್ಟಿ ಹಿಡಿದು ಗೆರೆಯ ಪಕ್ಕ ಕೂತೆ.

ಮೊದಲರ್ಧ ಹೋದ ವಾರದ ಹಾಗೇ. ಬಾಬಾಸಾಹೇಬರು ಎಣಿಸಲು ಬೆರಳೆತ್ತಿದಾಗೆಲ್ಲ ಹಸನಸಾಬ ನಂಬರು ಕೂಗುತ್ತಿದ್ದ. ಒಮ್ಮೆ ಎಣಿಸಿ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರೆ ಎದುರಿಗೆ ಖಾಲಿ ನೆಲ, ಅದರಾಚೆ ಎತ್ತುಗಳು. ಈ ಎತ್ತುಗಳನ್ನೂ ಲೆಕ್ಕಕ್ಕೆ ಹಿಡಿಯಬೇಕೇ ಎಂದು ಹೆಡ್‌ಮಾಸ್ತರರನ್ನು ಕೇಳಿದರು. ಐಗಳಿಯವರು ನಗುತ್ತಿದ್ದರು.

ಎರಡನೆಯ ಅರ್ಧದಲ್ಲಿ ನಮ್ಮ ಹುಡುಗರು ಸಾಣೆ ಹಿಡಿದ ಹಾಗೆ ಆಡಿದರು. ಬಲಮೂಲೆಯಲ್ಲಿ ಭೀಮಗೊಂಡ ಒಬ್ಬರ ಹಿಂದೆ ಒಬ್ಬರನ್ನು ನೆಲಕ್ಕೆ ಹಾಕಿದ. ಯಾಕೂಬ ಹೋದಾಗಲೆಲ್ಲ ಒಬ್ಬರನ್ನು ಮುಟ್ಟಿ ಬಂದ. ಅಂಕಗಳು ಸಮಸಮಕ್ಕೆ ಬಂದವು. ಎಷ್ಟೋ ಹೊತ್ತಾದ ಮೇಲೆ ನನಗೆ ಹೊಳೆಯಿತು, ಮಂದಿ ಓಡಿಹೋಗುತ್ತಿಲ್ಲ. ಮೈಕಿನ ಕಡೆ ಕಿವಿಗೊಟ್ಟೆ. ಹಸನಸಾಬ ನಂಬರು ಕೂಗುತ್ತಿರಲಿಲ್ಲ. ಕ್ಯಾಬಿನ್ನಿನ ಕಿಟಕಿಯಿಂದ ಅರ್ಧ ಹೊರಗೆ ಬಂದು, ಮೈಕು ಹಿಡಿದುಕೊಂಡೇ, “ಯಾಕೂಬ ಒಳಗ ಹೊಂಟಾನ, ಬ್ಯಾಡ ಲೇ, ಆ ಮೂಲಿಗಿ ಹೋಗಬ್ಯಾಡ, ಹೋದಾ, ಹೋಗ್ಯಾನ ನೋಡ್ರಿ, ಮುಟ್ಟಿ ಬಂದಾನ” ಎಂದು ಹೇಳುತ್ತಿದ್ದ. ಅದು ಕಾರ್ಖಾನೆಯ ಎಲ್ಲ ಸ್ಪೀಕರುಗಳಿಂದ ಹಳ್ಳದವರೆಗೆ ಕೇಳುತ್ತಿತ್ತು.

ಕಾಟಾದ ಮೇಲೆ ಗಾಡಿಯಿಲ್ಲ. ಒಳಗೆ ಹೋಗುವ ಕಬ್ಬಿಲ್ಲ. ಕೊನೆಯ ದಾಳಿಗೆ ಪಾರಿಸ ಹೊರಟ, ಕಣ್ಣು ಕೆಳಗೆ, ಕಬಡ್ಡಿ ಕಬಡ್ಡಿ ಕಬಡ್ಡಿ. ಅದೇ ಹೊತ್ತಿಗೆ ಕಬ್ಬು ತೀರಿತೆಂದು ಕಾರ್ಖಾನೆಯ ಭೋಂಗಾ ಊದಿತು. ಎತ್ತುಗಳು ಬೆದರಿದವು, ಬಾಬಾಸಾಹೇಬರ ಛತ್ರಿ ತಾನಾಗಿ ಬಿಚ್ಚಿಕೊಂಡಿತು. ಪಾರಿಸ ಇಬ್ಬರನ್ನು ಮುಟ್ಟಿ ಗೆರೆ ದಾಟಿ ಬಂದುಬಿದ್ದ. ಆದರೆ ಭೋಂಗಾದ ಸದ್ದಿನಲ್ಲಿ ಅವನ ಕಬಡ್ಡಿ ಯಾರಿಗೂ ಕೇಳಿಸಲಿಲ್ಲ. ಉಸಿರು ಒಡೆಯಿತೋ ಇಲ್ಲವೋ ಹೇಗೆ ಹೇಳಲಿ, ದಾಳಿ ಮತ್ತೆ ಆಗಲಿ ಎಂದ ರೆಫರಿ.

ಮುಂದಿನದು ನನಗೆ ಸರಿಯಾಗಿ ನೆನಪಿಲ್ಲ. ಮೈಮೇಲೆ ಎಚ್ಚರ ಬಂದಾಗ ನಾನು ಅಂಗಳದ ನಡುವೆ, ನಡುಗೆರೆಯ ಮೇಲೆ ನಿಂತಿದ್ದೆ. ಹಿಂದಿನವರು ನೂಕಿರಬೇಕು. ರೆಫರಿಯ ತಲೆಯ ಮೇಲೆ ಶೇಂಗಾ ಸಿಪ್ಪೆ ಬಿದ್ದಿತ್ತು, ಗಾಳಿಗೆ ಹಾರಿರಬೇಕು. ಬುಟ್ಟಿ ನನ್ನ ಕೈಯಲ್ಲಿ ಬೋರಲಾಗಿತ್ತು. ಬಾಬಾಸಾಹೇಬರು ಎದ್ದು ಬಂದು, ತಾಯೀ, ಕೂತುಕೊಳ್ಳಿರಿ ಎಂದು ಕೈಮುಗಿದರು.

ದಾಳಿ ಮತ್ತೆ ಆಯಿತು. ಪಾರಿಸ ನನ್ನ ಮುಖ ನೋಡಿದ, ನಕ್ಕ, ಔಟಾದ. ಒಂದೇ ಅಂಕದಿಂದ ಸೋತೆವು.

ಅಷ್ಟರಲ್ಲಿ ಕಾರ್ಖಾನೆಯಲ್ಲಿ ಕೆಲಸ ನಿಂತದ್ದರಿಂದ ಒಳಗಿನ ಆಳುಗಳೆಲ್ಲ ಹೊರಗೆ ಬಂದು ಗಾಡಿಯವರ ಹಿಂದೆ ನಿಂತಿದ್ದರು. ಅವರ ಹಿಂದೆ ಮ್ಯಾನೇಜರ ವಿರುಪಾಕ್ಷಪ್ಪನವರು ಬೆಂಕಿಯಾಗಿ ಓಡಿಬಂದು, ಯಾರಪ್ಪನ ಅಂಗಳ ಇದು ಎಂದು ಒದರಿದರು. ಮುಂದೆ ಕೂತಿದ್ದ ಒಬ್ಬ ಗಾಡಿಯವನು ಹಿಂದೆ ತಿರುಗಿಯೂ ನೋಡದೆ, ಅಡ್ಡ ನಿಲ್ಲಬೇಡ, ಕೂತುಕೋ ಎಂದ. ಮ್ಯಾನೇಜರರು ಕೂತರು. ಪಂದ್ಯ ಮುಗಿದಿದೆ ಎಂದು ತಿಳಿದ ಮೇಲೆ ಎದ್ದು ಮತ್ತೆ ಬೈದರು. ಇನ್ನು ಮುಂದೆ ಕಾರ್ಖಾನೆಯ ಜಾಗದಲ್ಲಿ ಗೋಲಿ ಆಡಲಿಕ್ಕೂ ಬಿಡುವುದಿಲ್ಲವಂತೆ. ಹಸನಸಾಬನಿಗೆ ನೌಕರಿ ಉಳಿದಿದೆ, ಆದರೆ ಒಂದು ವಾರ ಮೈಕು ಮುಟ್ಟುವ ಹಾಗಿಲ್ಲ.

ಬಾಬಾಸಾಹೇಬರು ಎಣಿಸುವುದನ್ನು ಯಾವಾಗಲೋ ಬಿಟ್ಟಿದ್ದರು. ಇಷ್ಟು ಮಂದಿ ಐಗಳಿಯಲ್ಲೂ ಕಂಡಿಲ್ಲ, ಇದ್ದಲ್ಲೇ ಇರಲಿ ನಿಮ್ಮ ಮಂಡಳ ಎಂದು ಹೇಳಿ, ಛತ್ರಿ ಮಡಚಲು ಬಾರದೆ ಹಾಗೇ ಹಿಡಿದುಕೊಂಡು ಹೋದರು.

ಓಡೋಡಿ ಮನೆಗೆ ಹೋಗಿ ಹೇಳಬೇಕೆಂದು ಹೊರಟೆ. ಗಾಡಿಗಳ ಸಾಲು ದಾಟುತ್ತ ದಾಟುತ್ತ, ಬಾಲದ ಕೊನೆಯಲ್ಲಿ, ಹಳ್ಳದ ಹತ್ತಿರ ನಮ್ಮದೇ ಗಾಡಿ ಕಂಡಿತು. ಕಬ್ಬಿನ ಹೊರೆಯ ಮೇಲೆ ಹಾಸಿಗೆ, ಹಾಸಿಗೆಯ ಮೇಲೆ ಇವರು, ಪ್ಲಾಸ್ಟರಿನ ಕಾಲು ಮುಂದೆ ಚಾಚಿಕೊಂಡು. ನಾನು ಮನೆ ಬಿಟ್ಟ ಕೂಡಲೇ ನಾಲ್ಕು ಜನರನ್ನು ಕರೆಸಿ ಎತ್ತಿಸಿಕೊಂಡು ಹತ್ತಿದರಂತೆ. ಸಾಲು ಸರಿಯುತ್ತ ಸರಿಯುತ್ತ ಪಂದ್ಯದ ಹತ್ತಿರ ಹೋಗುತ್ತದೆ ಎಂದು ಇವರ ಲೆಕ್ಕ. ಮೊದಲರ್ಧದಲ್ಲಿ ಒಂದಿಷ್ಟು ಸರಿದ ಸಾಲು ಆಮೇಲೆ ಸರಿಯಲೇ ಇಲ್ಲ. ಹಳ್ಳದ ಹತ್ತಿರ ನಿಂತವರು ನಿಂತಲ್ಲೇ, ಒಂದು ದಾಳಿಯನ್ನೂ ಕಾಣಲಿಲ್ಲ.

ಕೂಡಲೇ ಹೇಳಿದೆ, ಗಂಟಲಿನಲ್ಲಿ ಉಳಿದಿದ್ದಷ್ಟು ದನಿಯಲ್ಲಿ. ಸಾವಿರ ಮಂದಿ ಇದ್ದರು, ಇವತ್ತು ಖರೇ ಸಾವಿರ ಎಂದೆ. ಆ ‘ಖರೇ’ ಬಾಯಿಂದ ಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡೆ. ಇನ್ನು ಮುಚ್ಚಿಡುವುದು ಏನು, ಇದ್ದದ್ದನ್ನೆಲ್ಲ ಹೇಳಿದೆ. ನೂರು ಎಂದದ್ದು ಒಂಬತ್ತು, ಇನ್ನೂರು ಎಂದದ್ದು ಎಂಟು, ಕೂಸು ಯಾರದೂ ಅಲ್ಲ.

ಇವರು ಕಬ್ಬಿನ ಮೇಲಿಂದ ಬಗ್ಗಿ ನನ್ನನ್ನು ನೋಡಿದರು.

“ನನಗ ಗೊತ್ತಿತ್ತ. ಕಟ್ಟಿ ಮ್ಯಾಲ ಮಲಗಿದ್ರ ಕನ್ನಡ ಸಾಲಿ ಹಿಂದಿಂದೆಲ್ಲ ಕೇಳಸತೈತಿ. ನೂರ ಮಂದಿ ಅಂತಿದ್ದಿ, ಇನ್ನೂರ ಮಂದಿ ಅಂತಿದ್ದಿ. ನನಗ ಕೇಳಸ್ತಿದ್ದದ್ದು ಒಂದ ದನಿ. ಭೀಮಗೊಂಡನ್ನ ಬಲಮೂಲಿಗಿ ಹಾಕ್ರಿ ಅಂತಿತ್ತ. ರೆಫರಿ ಕಣ್ಣ ತೊಳಕೊಂಡ ಬಾ ಅಂತಿತ್ತ.”

ಅದು ನಾನಲ್ಲ, ನಾನು ಶೇಂಗಾ ಸುಲಿಯುತ್ತಿದ್ದೆ ಎಂದೆ.

“ಇವತ್ತು ಸಾವಿರ ಮಂದಿ ಒಳಗೂ ಅದ ದನಿ ಕೇಳಸ್ತು. ಭೋಂಗಾಕ್ಕಿಂತ ಮ್ಯಾಲ ಇತ್ತ. ಕಸ್ತೂರಿ, ಇಷ್ಟ ವರ್ಷ ಆಡಿಸೇನಿ, ನಮ್ಮ ಮನ್ಯಾಗಿಂದ ಒಬ್ಬರೂ ಬರಲಿಲ್ಲ ಅಂತ ಒಳಗ ಒಂದ ಇತ್ತ. ನೀ ಒಬ್ಬಾಕಿ ಅಷ್ಟ ಒದರೂದ ಕೇಳಿ, ಈ ಮಂಡಳ ಹೋಗಬಾರದ ಅನಿಸ್ತ. ಅದಕ್ಕ ಬಾಬಾಸಾಹೇಬರಿಗಿ ಬರಸಿದೆ.”

ಗೊತ್ತಿದ್ದೂ ಯಾಕೆ ಬರೆಸಿದಿರಿ, ಮಂದಿ ಬರದಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. ನೀನು ತರುತ್ತಿ ಅಂತ ಗೊತ್ತಿತ್ತು ಎಂದರು. ಆಮೇಲೆ ಜೇಬಿನಿಂದ ಜೇಷ್ಠಮಧುವಿನ ಪೊಟ್ಟಣ ತೆಗೆದು ಕೆಳಗೆ ಚಾಚಿದರು. ನನಗೆ ಅಳು ಬಂತು. ಬಂದದ್ದನ್ನು ಬಂತು ಎಂದೇ ಬರೆಯುತ್ತೇನೆ, ಇದನ್ನು ಓದುವವರು ಯಾರೂ ಇಲ್ಲ. ಗಾಡಿಯವನಿಗೆ ಮಾತ್ರ ಧೂಳು ಎಂದು ಹೇಳಿದೆ.

6 ಮಾರ್ಚ್, ರವಿವಾರ

ಮತ್ತೆ ಶಾಲೆಯ ಹಿಂದೆ. ಪ್ಲಾಸ್ಟರ್ ಬಿಚ್ಚಿದ್ದಾರೆ, ಇವರು ಕೋಲು ಊರಿಕೊಂಡು ಬಂದು ನನ್ನ ಪಕ್ಕ ಕೂತರು. ಹಸನಸಾಬ ರಜೆ ಹಾಕಿ ಬಂದಿದ್ದ, ಗಾಡಿಯವರು ಇಬ್ಬರು ಅವನ ಜೊತೆ. ಕೆಂಚವ್ವ, ಅಕ್ಕವ್ವ, ಹೆಡ್‌ಮಾಸ್ತರರು ಮತ್ತು ಕುರ್ಚಿ, ಬೇವಿನ ಬುಡದ ಮುದುಕರು. ಎಲ್ಲ ಸೇರಿ ಹನ್ನೆರಡು. ಐಗಳಿಗೆ ಹೋದ ನಾಯಿ ಮರಳಿ ಬಂದಿದೆ.

ಈ ಸಲ ಬುಟ್ಟಿ ಎಲ್ಲಿ ಎಂದು ಇವರು ಕೇಳಿದರು. ಸುಲಿಯುವ ಶೇಂಗಾ ಮುಗಿದಿದೆ ಎಂದೆ. ಮುಗಿದಿಲ್ಲ, ಒಂದು ಚೀಲ ಹಾಗೇ ಇದೆ.

ಕೂತ ಕೂಡಲೇ ಜೇಷ್ಠಮಧುವಿನ ಪೊಟ್ಟಣವನ್ನು ನನ್ನ ಅಂಗೈಯಲ್ಲಿಟ್ಟರು. ಇದೇಕೆ, ನಾನೇನು ಒದರುವವಳೇ ಎಂದು ಬೇಸರದಿಂದಲೇ ಇಸಿದುಕೊಂಡೆ. ಮೊದಲರ್ಧ ಮುಗಿಯುವಷ್ಟರಲ್ಲಿ ಪೊಟ್ಟಣ ಖಾಲಿಯಾಗಿತ್ತು.